ಬಿಜಾಪುರದ ಮೂಗುಗಳನ್ನು ಕಂಡ ಮನೂಚಿ

ವಿಜಯಪುರಕ್ಕೆ ಹೋದರೆ ನಾವು ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿ ಬರುತ್ತೇವೆ. ಆದರೆ ಆ ಸೀಮೆಯಲ್ಲಿ ಮುನ್ನೂರು ವರ್ಷಗಳಿಗೂ ಹಿಂದೆ, ಕತ್ತರಿಸಿಹೋದ ಮೂಗನ್ನು ಮತ್ತೆ ಕಟ್ಟಿಕೊಡುವ ಶಸ್ತ್ರವೈದ್ಯರಿದ್ದರು ಅಂತ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆ ವೈದ್ಯರ ಹೆಸರು ಉಳಿದಿಲ್ಲ, ಕೆಲಸ ಉಳಿದಿದೆ. ಅದನ್ನು ಬರೆದಿಟ್ಟವನು ವೆನಿಸ್ ನಗರದ ನಿಕೊಲಾವ್ ಮನೂಚಿ.

1638ರಲ್ಲಿ ಹುಟ್ಟಿದ ಮನೂಚಿ ಎಳೆಯ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಕದ್ದು ಹಡಗು ಹತ್ತಿದ. ಬೆಲ್ಲೊಮಾಂಟ್ ಎಂಬ ಇಂಗ್ಲಿಷ್ ದೂತನ ಸೇವಕನಾಗಿ ತುರ್ಕಿ, ಇರಾನ್ ದಾಟಿ 1656ರಲ್ಲಿ ಸೂರತ್‌ಗೆ ಬಂದ. ಅದೇ ವರ್ಷ ಒಡೆಯ ತೀರಿಕೊಂಡ. ಪರದೇಶದಲ್ಲಿ ಒಂಟಿಯಾದ ಹುಡುಗ ದಾರಾ ಶಿಕೋಹ್‌ನ ಫಿರಂಗಿ ದಳ ಸೇರಿದ. 1658ರ ಸಾಮೂಗಢ ಯುದ್ಧದಲ್ಲಿ ದಾರಾ ಸೋತ ಮೇಲೂ ಔರಂಗಜೇಬನ ಚಾಕರಿಗೆ ಹೋಗಲಿಲ್ಲ. ಮುಂದೆ ಲಾಹೋರಿನಲ್ಲಿ ವೈದ್ಯನಾದ. ಯಾವ ಶಾಲೆಯಲ್ಲೂ ವೈದ್ಯ ಓದಿದವನಲ್ಲ, ನೋಡಿ ಮಾಡಿ ಕಲಿತವ. ಬಾದಶಹನ ಮಗ ಶಾಹ್ ಆಲಂನಿಗೂ ವೈದ್ಯನಾಗಿದ್ದ. 1686ರಲ್ಲಿ ಮದರಾಸು ಸೇರಿ ಅಲ್ಲೇ ಮದುವೆಯಾಗಿ, ಮೊಘಲರ ಚರಿತ್ರೆಯ ದೊಡ್ಡ ಗ್ರಂಥ ಬರೆದ.

ಅವನು ಕೇಳಿದ ಕತೆಗಳನ್ನೂ ಬರೆದಿದ್ದಾನೆ, ಎಲ್ಲವನ್ನೂ ನಂಬುವಂತಿಲ್ಲ. ಆದರೆ ಬಿಜಾಪುರದ ಮೂಗುಗಳನ್ನು ಕಣ್ಣಾರೆ ಕಂಡೆ ಎಂದಿದ್ದಾನೆ. ಮೊಘಲರಿಗೂ ಬಿಜಾಪುರಕ್ಕೂ ಯುದ್ಧ ನಡೆದಿದ್ದ ಕಾಲ. ಮೇವಿಗೆ ಹೋದ ಮೊಘಲರ ಆಳುಗಳು ಸಿಕ್ಕಿದರೆ ಬಿಜಾಪುರದವರು ಕೊಲ್ಲದೆ ಮೂಗು ಕೊಯ್ದು ಕಳಿಸುತ್ತಿದ್ದರು. ಆಗ ಈ ನಾಡಿನ ವೈದ್ಯರು ಹುಬ್ಬಿನ ಮೇಲಿನ ಹಣೆಚರ್ಮವನ್ನು ಬಿಡಿಸಿ, ಕೆಳಗೆ ತಿರುಚಿ, ಹಸಿ ಗಾಯಕ್ಕೆ ಹಸಿ ಮಾಂಸ ತಾಗುವಂತೆ ಕೂರಿಸುತ್ತಿದ್ದರು. ಉಸಿರಾಟಕ್ಕೆ ಒಳಗೆ ಆಧಾರ ಇಟ್ಟು ಮದ್ದು ಹಚ್ಚುತ್ತಿದ್ದರು. ಹುಬ್ಬುಗಳ ನಡುವೆ ಕಲೆ ಉಳಿಯುತ್ತಿತ್ತು. ಆದರೂ ಮೂಗೇ ಇಲ್ಲದ ಮುಖಕ್ಕಿಂತ ಎಷ್ಟೋ ವಾಸಿ ಅಂತ ಮನೂಚಿ ಬರೆದ.

ಮುಂದೆ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪುಣೆಯ ಇಂಥದೇ ಶಸ್ತ್ರಕ್ರಿಯೆಯ ವಿವರ ಬಂತು. ಅದರ ಬೆನ್ನಿಗೆ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಹಣೆಚರ್ಮದಿಂದ ಮೂಗು ಕಟ್ಟಿದ.

ಹಣೆಯ ಚರ್ಮ ಬುಡ ಬಿಡದೆ ಬರುವುದರಿಂದ ಅದಕ್ಕೆ ತನ್ನದೇ ರಕ್ತ ಇರುತ್ತದೆ. ಇಂದು ಸುಟ್ಟಗಾಯಕ್ಕೆ ತೊಡೆಯಿಂದ ತೆಗೆದು ಹಚ್ಚುವ ತೆಳು ಚರ್ಮಕ್ಕೆ ಆ ಭಾಗ್ಯ ಇಲ್ಲ. ಮೊದಲ ಒಂದೆರಡು ದಿನ ಅದು ಗಾಯದ ತೇವವನ್ನು ಹೀರಿ ಬದುಕುತ್ತದೆ, ಆಮೇಲೆ ಹೊಸ ರಕ್ತನಾಳ ಕೂಡಿಕೊಳ್ಳುತ್ತವೆ. ಹಾಗಾಗಿ ಆ ದಿನಗಳಲ್ಲಿ ಕಟ್ಟು ಬಿಚ್ಚಿ ನೋಡಬಾರದು, ಅಂಗ ಅಲುಗಾಡಿಸಬಾರದು, ಬೀಡಿ ಸಿಗರೇಟು ಮುಟ್ಟಲೇಬಾರದು. ಹೊಗೆ ರಕ್ತನಾಳವನ್ನು ಕುಗ್ಗಿಸುತ್ತದೆ.

ಗಾಯ ಮಾಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಹಚ್ಚಿದ ಚರ್ಮದಲ್ಲಿ ಎಣ್ಣೆಯ ಗ್ರಂಥಿ ಸರಿಯಾಗಿ ಇರುವುದಿಲ್ಲ, ಒಣಗಿ ಬಿರಿಯುತ್ತದೆ. ವೈದ್ಯರು ಹೇಳಿದ ಮುಲಾಮಿನಿಂದ ದಿನಕ್ಕೆ ಹಲವು ಸಲ ಮೆದುವಾಗಿ ಉಜ್ಜಬೇಕು. ಬಿಸಿಲು ತಾಗಿದರೆ ಕಪ್ಪಾಗುತ್ತದೆ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟದ ಬಿಸಿಲಿರಲಿ, ನಮ್ಮ ಕಡಲ ತೀರದ ಬಿಸಿಲಿರಲಿ, ಕನಿಷ್ಠ ಒಂದು ವರ್ಷ ಮುಚ್ಚಿಕೊಂಡೇ ಓಡಾಡಬೇಕು. ಬಿಗಿ ಉಡುಪು ಕೊಟ್ಟಿದ್ದರೆ ಸೆಕೆ ಅಂತ ತೆಗೆದಿಡಬಾರದು. ಕಲೆ ದಪ್ಪಗಾಗದಂತೆ ತಡೆಯುವುದು ಅದೇ. ಕೀಲಿನ ಮೇಲಿನ ಗಾಯಕ್ಕೆ ವ್ಯಾಯಾಮ ತಪ್ಪಿಸಿದರೆ ಕೈ ಕಾಲು ಸೊಟ್ಟಗೆ ಕಟ್ಟಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ಸುಟ್ಟಗಾಯದ ಹೆಣ್ಣುಮಕ್ಕಳನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಗಿಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಮನೂಚಿ ಕಂಡವರು ಹುಬ್ಬಿನ ನಡುವೆ ಕಲೆ ಹೊತ್ತೇ ಜನರ ನಡುವೆ ಓಡಾಡಿದರು. ಕಲೆ ಅವಮಾನದ ಗುರುತಲ್ಲ, ಗಾಯ ಮಾಗಿದ ಗುರುತು. ಇಷ್ಟನ್ನು ನಾವು ಮೊದಲು ಮನೆಯೊಳಗೆ ಒಪ್ಪಿಕೊಳ್ಳೋಣ.