ಊರಿನವರ ಚಿತ್ರ ಬರೆದ ಮೇಷ್ಟ್ರು – ನಂದಲಾಲ್ ಬೋಸ್



ಚಿತ್ರಕಲೆ ಅಂದ ಕೂಡಲೇ ನಮಗೆ ನೆನಪಾಗೋದು ಡ್ರಾಯಿಂಗ್ ಪೀರಿಯಡ್ಡು, ಬಣ್ಣದ ಡಬ್ಬಿ. ಡಬ್ಬಿ ಇಲ್ಲದವರು ಪಕ್ಕದವರ ಮುಖ ನೋಡ್ತಾ ಕೂತಿರೋದು. ಆದರೆ ಕಲೆಗೆ ದುಬಾರಿ ಬಣ್ಣವೂ ಬೇಡ, ಅರಮನೆಯ ಗೋಡೆಯೂ ಬೇಡ, ನಾವು ದಿನಾ ಮಾಡುವ ಕೆಲಸದಲ್ಲೇ ಅದು ಇರಬೇಕು ಅಂತ ಬದುಕಿ ತೋರಿಸಿದ ದೊಡ್ಡ ಕಲಾವಿದರೊಬ್ಬರಿದ್ದರು. ಅವರೇ ನಂದಲಾಲ್ ಬೋಸ್.

ನಂದಲಾಲರು ಹುಟ್ಟಿದ್ದು 1882ರ ಡಿಸೆಂಬರ್ 3ರಂದು, ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ಮನೆಯವರು ಬಂಗಾಳಿಗಳು. ತಂದೆ ಪೂರ್ಣಚಂದ್ರ ಬೋಸರಿಗೆ ದರ್ಭಾಂಗ ಸಂಸ್ಥಾನದಲ್ಲಿ ಕೆಲಸ. ತಾಯಿ ಕ್ಷೇತ್ರಮಣಿ ದೇವಿ ಕೈಯಾರೆ ಗೊಂಬೆ, ಆಟಿಕೆ ಮಾಡುವುದರಲ್ಲಿ ನಿಪುಣೆ. ನಂದಲಾಲರು ಇನ್ನೂ ಚಿಕ್ಕವರಿದ್ದಾಗಲೇ ಆ ತಾಯಿ ತೀರಿಕೊಂಡರು. ಹುಡುಗ ಮಾತ್ರ ಮಣ್ಣು ಕಲಸಿ ಮೂರ್ತಿ ಮಾಡೋದು, ಪೂಜೆಯ ಚಪ್ಪರ ಅಲಂಕಾರ ಮಾಡೋದು ಬಿಡಲಿಲ್ಲ.

ಮುಂದೆ ಓದಲಿಕ್ಕೆ ಕಲ್ಕತ್ತೆಗೆ ಹೋದರು. ಹೈಸ್ಕೂಲು ಹೇಗೋ ಮುಗೀತು. ಕಾಲೇಜಿನಲ್ಲಿ ಮಾತ್ರ ಫೇಲು! ಇನ್ನೊಂದು ಕಾಲೇಜು ಸೇರಿ ವಾಣಿಜ್ಯ ಓದಿದರು, ಅಲ್ಲೂ ಅದೇ ಕಥೆ. ಅಷ್ಟರಲ್ಲಿ ಮದುವೆ ಬೇರೆ ಆಗಿತ್ತು. ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ ಅನ್ನೋ ಚಿಂತೆ ಅವತ್ತೂ ಇತ್ತು, ಇವತ್ತೂ ಇದೆ. ಕೊನೆಗೆ ಮನೆಯವರನ್ನು ಒಪ್ಪಿಸಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಗುರು ಅಬನೀಂದ್ರನಾಥ ಠಾಗೂರರು. ನಮ್ಮ ಮೈಸೂರು ಸೀಮೆಯ ಹೆಸರಾಂತ ಕಲಾವಿದ ಕೆ. ವೆಂಕಟಪ್ಪನವರೂ ಇದೇ ಗುರುಗಳ ಶಿಷ್ಯರು. ಪರೀಕ್ಷೆಯಲ್ಲಿ ಫೇಲಾದ ಹುಡುಗ ಗುರುಗಳಿಗೆ ಮೆಚ್ಚಿನ ಶಿಷ್ಯನಾದ. ಮುಂದೆ ಅಜಂತಾ ಗುಹೆಗಳಿಗೆ ಹೋಗಿ ಅಲ್ಲಿನ ಹಳೇ ಚಿತ್ರಗಳನ್ನು ನೋಡಿ ನೋಡಿ ನಕಲು ಮಾಡಿ ಕೈ ಪಳಗಿಸಿಕೊಂಡರು.

ರವೀಂದ್ರನಾಥ ಠಾಗೂರರು ಶಾಂತಿನಿಕೇತನದಲ್ಲಿ ಕಲಾಭವನ ಅಂತ ಶಾಲೆ ತೆರೆದಿದ್ದರು. ನಂದಲಾಲರು 1922ರ ಸುಮಾರಿಗೆ ಅದರ ಮುಖ್ಯಸ್ಥರಾದರು. 1951ರವರೆಗೂ, ಅಂದರೆ ಹೆಚ್ಚು ಕಡಿಮೆ ಮೂವತ್ತು ವರ್ಷ ಅಲ್ಲೇ ಪಾಠ ಹೇಳಿದರು. ಎಲ್ಲರೂ ಅವರನ್ನು ‘ಮಾಸ್ಟರ್ ಮೊಶಾಯ್’ ಅಂತ ಕರೀತಿದ್ದರು. ಅಂದರೆ ನಮ್ಮ ಮಾತಿನಲ್ಲಿ ‘ಮೇಷ್ಟ್ರು’.

ಅವರ ಪಾಠ ಬರೀ ಕಾಗದದ ಮೇಲಿನ ಪಾಠವಲ್ಲ. ಬಂಗಾಳದ ಹೆಂಗಸರು ನೆನೆದ ಅಕ್ಕಿಯನ್ನು ನುಣ್ಣಗೆ ಅರೆದು ನೆಲದ ಮೇಲೆ ಬೆರಳಿನಿಂದಲೇ ಚಿತ್ರ ಬಿಡಿಸುತ್ತಾರೆ. ಅದಕ್ಕೆ ಆಲ್ಪನಾ ಅಂತ ಹೆಸರು, ನಮ್ಮ ರಂಗೋಲಿಯ ಹಾಗೆ. ಮನೆ ಹೆಂಗಸರ ಈ ಕೆಲಸಕ್ಕೆ ಕಲಾಭವನದಲ್ಲಿ ಪಾಠದ ಸ್ಥಾನ ಸಿಕ್ಕಿತು. ಹಬ್ಬದ ಅಲಂಕಾರ, ನಾಟಕದ ವೇಷ, ಬಟ್ಟೆಯ ಮೇಲಿನ ಬಣ್ಣ ಎಲ್ಲವೂ ಅಲ್ಲಿ ಕಲೆಯೇ. ಅಲ್ಲಿನ ವಿದ್ಯಾರ್ಥಿಗಳ ಒಂದು ವಾಸದ ಮನೆ ಮಣ್ಣಿನದು. ಅದರ ಗೋಡೆಗಳ ಮೇಲೆ ಮೇಷ್ಟ್ರು, ವಿದ್ಯಾರ್ಥಿಗಳು ಸೇರಿ ಉಬ್ಬು ಚಿತ್ರ ಮಾಡಿ, ಮಳೆಗೆ ಕೊಚ್ಚಿಹೋಗದಿರಲಿ ಅಂತ ಟಾರು ಬಳಿದರು. ಅದಕ್ಕೇ ಅದು ಕರಿಮನೆ ಅಂತಲೇ ಪ್ರಸಿದ್ಧ. ಮಕ್ಕಳಿಗಾಗಿ ರವೀಂದ್ರರು ಬರೆದ ‘ಸಹಜ ಪಾಠ’ ಅನ್ನೋ ಬಂಗಾಳಿ ಪುಸ್ತಕಕ್ಕೂ (1930) ಚಿತ್ರ ಹಾಕಿದವರು ನಂದಲಾಲರೇ. ಅಷ್ಟು ದೊಡ್ಡ ಕಲಾವಿದರು ಅಕ್ಷರ ಕಲಿಯೋ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವುದನ್ನು ಸಣ್ಣ ಕೆಲಸ ಅಂದುಕೊಳ್ಳಲಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. 1936ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ಮೊದಲ ಬಾರಿಗೆ ಒಂದು ಹಳ್ಳಿಯಲ್ಲಿ, ಮಹಾರಾಷ್ಟ್ರದ ಫೈಜ್‌ಪುರದಲ್ಲಿ ನಡೆಯಿತು. ಚಪ್ಪರ, ಬಾಗಿಲು ಎಲ್ಲ ನೀವೇ ಮಾಡಿಸಬೇಕು, ಹಳ್ಳಿಯಲ್ಲಿ ಸಿಗೋ ಸಾಮಾನಿನಲ್ಲೇ ಆಗಬೇಕು ಅಂತ ಗಾಂಧೀಜಿ ನಂದಲಾಲರಿಗೆ ಒಪ್ಪಿಸಿದರು. ನಂದಲಾಲರು ಮೊದಲು ಹಿಂಜರಿದರೂ ಆಮೇಲೆ ಬಿದಿರು, ಹುಲ್ಲು ಇಂಥವುಗಳಿಂದಲೇ ಎಲ್ಲವನ್ನೂ ಚಂದ ಮಾಡಿದರು.

1938ರ ಫೆಬ್ರವರಿಯಲ್ಲಿ ಗುಜರಾತಿನ ಹರಿಪುರ ಅನ್ನೋ ಹಳ್ಳಿಯಲ್ಲಿ ಅಧಿವೇಶನ. ಅಧ್ಯಕ್ಷರು ಸುಭಾಷ್‌ಚಂದ್ರ ಬೋಸ್. ಅಲ್ಲಿಗೆ ಬರುವ ರೈತರು, ಕೂಲಿಯವರು ಹಾದಿಯಲ್ಲಿ ನಡೆದು ಹೋಗುವಾಗಲೇ ಚಿತ್ರ ನೋಡುವಂತಿರಬೇಕು ಅನ್ನೋದು ಗಾಂಧೀಜಿಯ ಆಸೆ. ನಂದಲಾಲರು ಕೈಕಾಗದದ ಮೇಲೆ, ಮಣ್ಣಿನ ಬಣ್ಣಗಳಲ್ಲಿ 80ಕ್ಕೂ ಹೆಚ್ಚು ಚಿತ್ರ ಬರೆದರು. ಶಿಷ್ಯರು ಅವನ್ನು ನೋಡಿ ಇನ್ನಷ್ಟು ಪ್ರತಿ ಮಾಡಿದರು. ಚಿತ್ರಗಳೆಲ್ಲ ಬಾಗಿಲು, ಚಪ್ಪರಗಳ ಮೇಲೆ ಏರಿದವು.

ಆ ಚಿತ್ರಗಳಲ್ಲಿ ಯಾರಿದ್ದರು ಗೊತ್ತೇ? ಚಪ್ಪಲಿ ಹೊಲಿಯುವವರು, ಬಡಗಿ, ದರ್ಜಿ, ಅರಳೆ ಹಿಂಜುವವರು, ನೂಲು ತೆಗೆಯುವ ಹೆಂಗಸು, ಭತ್ತ ಕುಟ್ಟುವವರು, ಡೋಲು ಬಡಿಯುವವರು, ಕುಸ್ತಿ ಆಡುವವರು, ಹೋರಿ ಹಿಡಿದವರು. ಅಂದರೆ ನೋಡಲಿಕ್ಕೆ ಬಂದವರೇ ಚಿತ್ರದೊಳಗೂ ಇದ್ದರು! ಅಲ್ಲಿಯವರೆಗೆ ದೊಡ್ಡ ಚಿತ್ರ ಅಂದರೆ ದೇವರದು, ರಾಜರದು. ಕೆಲಸ ಮಾಡುವವರ ಬಾಗಿದ ಬೆನ್ನು, ಕೈಯ ಓಟ ಇವೂ ಚಂದವೇ ಅಂತ ನಂದಲಾಲರು ಊರ ಬಾಗಿಲಿನಲ್ಲೇ ತೂಗುಹಾಕಿ ತೋರಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಅವರಿಗೆ ಇನ್ನೊಂದು ದೊಡ್ಡ ಕೆಲಸ ಬಂತು. ನಮ್ಮ ಸಂವಿಧಾನದ ಮೂಲ ಪ್ರತಿ ಅಚ್ಚಿನದಲ್ಲ, ಕೈಬರಹದ್ದು, ನಮ್ಮ ಈ ಗೋಡೆ ಪತ್ರಿಕೆಯ ಹಾಗೆ! ಇಂಗ್ಲಿಷ್ ಪ್ರತಿಯ ಅಕ್ಷರ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಪುಟಗಳಿಗೆ ಚಿತ್ರ, ಅಂಚು ಬರೆದು ಅಲಂಕರಿಸಿದವರು ನಂದಲಾಲರು ಮತ್ತು ಅವರ ಶಿಷ್ಯರು. ಅದರಲ್ಲಿ ಬುದ್ಧ ಇದ್ದಾನೆ, ಅಕ್ಬರ್ ಇದ್ದಾನೆ, ಝಾನ್ಸಿ ರಾಣಿಯ ಜೊತೆಗೆ ನಮ್ಮ ಟಿಪ್ಪು ಸುಲ್ತಾನನೂ ಇದ್ದಾನೆ. 1950ರ ಜನವರಿ 24ರಂದು ಆ ಪ್ರತಿಗೆ ಸಂವಿಧಾನ ಸಭೆಯ ಸದಸ್ಯರು ಸಹಿ ಹಾಕಿದರು. ಕಾನೂನಿನ ಪುಸ್ತಕವೂ ಸುಂದರವಾಗಿರಬಹುದು ಅಂತ ಇದರಿಂದ ತಿಳಿಯುತ್ತೆ.

1954ರಲ್ಲಿ ನಂದಲಾಲರಿಗೆ ಪದ್ಮವಿಭೂಷಣ ಬಂತು. 1966ರ ಏಪ್ರಿಲ್ 16ರಂದು ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಹರಿಪುರದ ಎಷ್ಟೋ ಚಿತ್ರಗಳನ್ನು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಜೋಪಾನ ಮಾಡಿದ್ದಾರೆ.

ಸ್ನೇಹಿತರೇ, ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಯಾರಾದರೂ ಕೇಳಿದರೆ ನಮ್ಮಲ್ಲಿ ಕೆಲವರು ತಲೆ ತಗ್ಗಿಸುತ್ತೇವೆ. ಬುಟ್ಟಿ ಹೆಣೆಯೋದು, ಚಪ್ಪಲಿ ಹೊಲಿಯೋದು, ತಮಟೆ ಬಡಿಯೋದು ಹೇಳಿಕೊಳ್ಳೋ ಕೆಲಸವಲ್ಲ ಅಂದುಕೊಂಡಿದ್ದೇವೆ. ಆದರೆ ದೇಶದ ಅಷ್ಟು ದೊಡ್ಡ ಚಿತ್ರಕಾರ ಹುಡುಕಿಕೊಂಡು ಹೋಗಿ ಬರೆದದ್ದು ಅಂಥವರನ್ನೇ. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಕಾರಣೆ ಎಳೆಯೋ ಅಜ್ಜಿ, ಸಂಜೆಯೊಳಗೆ ಅಳಿಸಿಹೋಗುತ್ತೆ ಅಂತ ಗೊತ್ತಿದ್ದೂ ದಿನಾ ಬೆಳಿಗ್ಗೆ ಹೊಸ ರಂಗೋಲಿ ಹಾಕೋ ಅಮ್ಮ, ಇವರೂ ಕಲಾವಿದರೇ. ಬಣ್ಣದ ಡಬ್ಬಿ ಇಲ್ಲದವರು ಇನ್ನು ಮೇಲೆ ಸುಮ್ಮನೆ ಕೂರೋದು ಬೇಡ. ಕೆಮ್ಮಣ್ಣು, ಸುಣ್ಣ, ಇದ್ದಿಲು ನಮ್ಮೂರಲ್ಲೇ ಇದೆ. ಮುಂದಿನ ತಿಂಗಳ ಈ ಗೋಡೆಗೆ ನಮ್ಮ ನಮ್ಮ ಮನೆಯವರು ಕೆಲಸ ಮಾಡುತ್ತಿರುವ ಚಿತ್ರ ಬರೆದು ತರೋಣ.