ಪ್ರಸಾದದ ಪಂಕ್ತಿಯಲ್ಲಿ ಮೊಳೆತ ನಡತೆ

ಪರಮಪೂಜ್ಯ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1916ರಲ್ಲಿ ಜನಿಸಿದರು. ನಂಜನಗೂಡು ತಾಲ್ಲೂಕಿನ ಸುತ್ತೂರಿನಿಂದ ತಿರುಮಕೂಡಲು ನರಸೀಪುರದ ಸಂಗಮದವರೆಗೆ ಕಪಿಲೆಯ ದಂಡೆಯ ಬಡಮಕ್ಕಳಿಗೆ ಊರಿನ ಪ್ರಾಥಮಿಕ ಶಾಲೆಯಾಚೆಯ ಓದು ಆಗ ದುರ್ಲಭವಾಗಿತ್ತು. ಮೈಸೂರಿನಲ್ಲಿ ಊಟಕ್ಕೆ ದಾರಿ ಕಾಣದೆ ಎಷ್ಟೋ ಮಂದಿ ಹಿಂದಿರುಗುತ್ತಿದ್ದರು. ಪೂಜ್ಯರು ನಲವತ್ತರ ದಶಕದ ಆರಂಭದಲ್ಲಿ ಅಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಆಹಾರದ ಅಭಾವ ಒದಗಿದಾಗ ಅದನ್ನು ಮುಚ್ಚದೆ, ಶ್ರೀಮಠದ ಚಿನ್ನ ಬೆಳ್ಳಿಗಳನ್ನೇ ಮಾರಿದರು. ಆ ಎಲೆಯ ಮುಂದೆ ಕುಳಿತ ಬಾಲಕನಿಗೆ ಅಗುಳು ಚೆಲ್ಲಬಾರದೆಂಬ ಉಪದೇಶ ಬೇರೆ ಬೇಕಿತ್ತೆ! ಅನ್ನ ಎಲ್ಲಿಂದ ಬಂದಿತೆಂಬ ವಿಚಾರವೇ ನಡತೆಯಾಗಿ ನಿಲ್ಲುವಂಥದು. 1954ರಲ್ಲಿ ಶ್ರೀ ಜಗದ್ಗುರು ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿದ ಪೂಜ್ಯರು 1986ರಲ್ಲಿ ಲಿಂಗೈಕ್ಯರಾದರು. ಸುತ್ತೂರಿನ ಉಚಿತ ವಸತಿಶಾಲೆಯಲ್ಲಿ ಎಳೆಯ ಮಕ್ಕಳು ಇಂದಿಗೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುತ್ತಾರೆ.