ಸಂಸಾರಸ್ಥನ ಸ್ತುತಿಗಾನ

ದೇವಾಲಯದಲ್ಲಿ ಹಾಡುವವರ ಮನೆಯಲ್ಲೂ ಸಾವುನೋವು, ಕೆಲಸದ ಚಿಂತೆ, ಅವಮಾನಗಳು ಇದ್ದೇ ಇರುತ್ತವೆ. ಧರ್ಮಸಭೆಯ ಸಂಗೀತಗಾರರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಜೊವಾನ್ನಿ ಪಿಯೆರ್ಲುಯಿಜಿ ದಾ ಪಾಲೆಸ್ತ್ರೀನಾ ಅವರ ಬದುಕೂ ಇದಕ್ಕೆ ಹೊರತಾಗಿರಲಿಲ್ಲ.

ರೋಮ್ ಸಮೀಪದ ಪಾಲೆಸ್ತ್ರೀನಾ ಎಂಬ ಊರಿನಲ್ಲಿ ಸುಮಾರು 1525ರಲ್ಲಿ ಅವರು ಹುಟ್ಟಿದರು. ಊರಿನ ಹೆಸರೇ ಅವರ ಹೆಸರಾಗಿ ಉಳಿಯಿತು. ಬಾಲ್ಯದಲ್ಲಿಯೇ ರೋಮಿನ ಸಾಂತಾ ಮರಿಯಾ ಮಜ್ಜೋರೆ ಮಹಾದೇವಾಲಯದ ಗಾನವೃಂದ ಸೇರಿ, 1544ರಲ್ಲಿ ಹುಟ್ಟೂರಿನ ಪ್ರಧಾನಾಲಯದ ಆರ್ಗನ್ ವಾದಕರಾದರು. 1547ರಲ್ಲಿ ಲುಕ್ರೇಸಿಯಾ ಗೋರಿ ಎಂಬಾಕೆಯನ್ನು ವಿವಾಹವಾದರು. ಮೂವರು ಗಂಡುಮಕ್ಕಳಾದರು. ಆ ಊರಿನ ಧರ್ಮಾಧ್ಯಕ್ಷರಾಗಿದ್ದವರು ಮೂರನೇ ಜೂಲಿಯಸ್ ಎಂಬ ಹೆಸರಿನಿಂದ ಜಗದ್ಗುರುಗಳಾದಾಗ, 1551ರಲ್ಲಿ ಈ ಯುವಕನನ್ನು ಸಂತ ಪೇತ್ರರ ಮಹಾದೇವಾಲಯದ ಗಾನವೃಂದಕ್ಕೆ ಕರೆಸಿಕೊಂಡರು.

1555ರ ಆರಂಭದಲ್ಲಿ ಸಿಸ್ತೀನ್ ಪ್ರಾರ್ಥನಾಲಯದ ಗಾಯಕರಾಗುವ ಭಾಗ್ಯ ಒದಗಿತು. ಆದರೆ ಅದೇ ವರ್ಷ ಜಗದ್ಗುರು ನಾಲ್ಕನೇ ಪೌಲ್ ಅವರು, ಅಲ್ಲಿ ವಿವಾಹಿತರಿಗೆ ಸ್ಥಾನವಿಲ್ಲವೆಂಬ ನಿಯಮವನ್ನು ಬಿಗಿಗೊಳಿಸಿದರು. ಪಾಲೆಸ್ತ್ರೀನಾ ಮತ್ತು ಇನ್ನಿಬ್ಬರು ಸಂಸಾರಸ್ಥ ಗಾಯಕರು ಹೊರಬರಬೇಕಾಯಿತು. ಸಣ್ಣ ಪಿಂಚಣಿಯೇನೋ ಸಿಕ್ಕಿತು. ಆದರೆ ಮಡದಿ ಮಕ್ಕಳಿರುವುದೇ ಕೆಲಸಕ್ಕೆ ಕುತ್ತಾದ ನೋವು ಸಣ್ಣದೇ? ಆದರೂ ಅವರು ಧರ್ಮಸಭೆಗೆ ಬೆನ್ನು ಹಾಕಲಿಲ್ಲ. ಲ್ಯಾಟೆರನ್ ಮಹಾದೇವಾಲಯದಲ್ಲಿ ಗಾನವೃಂದದ ಹೊಣೆ ಹೊತ್ತರು. ಮುಂದೆ, ತಾವು ಹುಡುಗನಾಗಿ ಹಾಡಿದ ಸಾಂತಾ ಮರಿಯಾ ಮಜ್ಜೋರೆಗೇ ಗುರುವಾಗಿ ಹಿಂತಿರುಗಿದರು.

ಆ ಕಾಲದಲ್ಲಿ ಪೂಜೆಯ ಸಂಗೀತದ ಬಗ್ಗೆಯೇ ದೊಡ್ಡ ಚರ್ಚೆ ನಡೆದಿತ್ತು. ನಾಲ್ಕೈದು ಧ್ವನಿಗಳು ಒಂದೊಂದು ದಾರಿ ಹಿಡಿದು ಒಟ್ಟಿಗೆ ಹಾಡುವಾಗ ಪ್ರಾರ್ಥನೆಯ ಮಾತುಗಳೇ ಮುಳುಗಿಹೋಗುತ್ತಿದ್ದವು. ಲೌಕಿಕ ಗೀತೆಗಳ ರಾಗಗಳೂ ಪೂಜೆಯೊಳಗೆ ನುಸುಳಿದ್ದವು. 1562ರಲ್ಲಿ ಟ್ರೆಂಟ್ ಮಹಾಸಭೆ ಅಶುದ್ಧವಾದದ್ದನ್ನು ದೇವಾಲಯದ ಸಂಗೀತದಿಂದ ದೂರವಿಡಲು ಆದೇಶಿಸಿತು. ಪಾಲೆಸ್ತ್ರೀನಾ ಅವರ ಒಂದು ಪೂಜಾಗಾನವನ್ನು ಕೇಳಿದ ಮೇಲೆಯೇ ಬಹುಧ್ವನಿ ಸಂಗೀತ ಉಳಿಯಿತೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದಕ್ಕೆ ಆಧಾರವಿಲ್ಲ. ಆದರೆ 1567ರಲ್ಲಿ ಅಚ್ಚಾದ ಆ ಗಾನದಲ್ಲಿ, ಜಗದ್ಗುರು ಮಾರ್ಸೆಲಸರ ಹೆಸರು ಹೊತ್ತ ಆರು ಧ್ವನಿಗಳ ಆ ಕೃತಿಯಲ್ಲಿ, ವಿಶ್ವಾಸಪ್ರಮಾಣದ ಮಾತುಗಳು ತಿಳಿಯಾಗಿ ಕೇಳಿಸುತ್ತವೆ ಎಂಬುದು ಸತ್ಯ.

1571ರಲ್ಲಿ ಅವರು ಸಂತ ಪೇತ್ರರ ಮಹಾದೇವಾಲಯಕ್ಕೆ ಮರಳಿದರು. ಗೌರವ ಮರಳಿತು, ಮನೆ ಬರಿದಾಯಿತು. 1572ರಿಂದ 1580ರವರೆಗಿನ ಎಂಟು ವರ್ಷಗಳಲ್ಲಿ ಇಬ್ಬರು ಮಕ್ಕಳನ್ನು, ತಮ್ಮನನ್ನು, ಕೊನೆಗೆ ಲುಕ್ರೇಸಿಯಾಳನ್ನೂ ಕಳೆದುಕೊಂಡರು. ದುಃಖದಲ್ಲಿ ಗುರುದೀಕ್ಷೆಯ ಹಾದಿಯಲ್ಲಿ ಮೊದಲ ಹೆಜ್ಜೆಗಳನ್ನೂ ಇಟ್ಟರು. ಆದರೆ 1581ರಲ್ಲಿ, ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಮನೆಯ ವಿಧವೆ ವರ್ಜೀನಿಯಾ ದೋರ್ಮೋಲಿಯನ್ನು ವರಿಸಿ ಮತ್ತೆ ಸಂಸಾರ ಹೂಡಿದರು. ವ್ಯಾಪಾರವನ್ನೂ ನೋಡಿಕೊಂಡು, ಕೃತಿಗಳನ್ನೂ ಅಚ್ಚು ಹಾಕಿಸಿದರು.

1594ರ ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಅವರು ತೀರಿಕೊಂಡರು. ನೂರಕ್ಕೂ ಹೆಚ್ಚು ಪೂಜಾಗಾನಗಳನ್ನು ಬಿಟ್ಟುಹೋದರು. 1903ರಲ್ಲಿ ಸಂತ ಹತ್ತನೇ ಪಯಸ್ ಜಗದ್ಗುರುಗಳು ಪವಿತ್ರ ಸಂಗೀತದ ಬಗ್ಗೆ ಬರೆದಾಗ, ಬಹುಧ್ವನಿ ಗಾನಕ್ಕೆ ಮಾದರಿಯಾಗಿ ಹೆಸರಿಸಿದ್ದು ಇವರನ್ನೇ.

ಪ್ರಿಯ ಓದುಗರೇ, ಇಂದು ನಾವು ನಮ್ಮ ತಾಯ್ನುಡಿಯಲ್ಲಿ ಪೂಜೆ ಹಾಡುತ್ತೇವೆ. ಆದರೂ ವಾದ್ಯಗಳ ಅಬ್ಬರದಲ್ಲಿ ಮಾತು ಮುಳುಗುವುದುಂಟು. ಹಾಡು ನಮ್ಮ ಕಂಠದ ಪ್ರದರ್ಶನವಲ್ಲ. ಕೊನೆಯ ಬೆಂಚಿನಲ್ಲಿ ಕುಳಿತ ಅಜ್ಜಿಗೂ ಪ್ರಾರ್ಥನೆ ಕೇಳಿಸಬೇಕು. ಮನೆಯಲ್ಲಿ ನೋವಿಟ್ಟುಕೊಂಡು ಭಾನುವಾರ ಗಾನವೃಂದದಲ್ಲಿ ನಿಲ್ಲುವ ಸಹೋದರ ಸಹೋದರಿಯರು ನಮ್ಮ ಧರ್ಮಕೇಂದ್ರದಲ್ಲಿಯೂ ಇರಬಹುದು. ಅವರಿಗಾಗಿ ಈ ವಾರ ಒಂದು ಪ್ರಾರ್ಥನೆ ಸಲ್ಲಿಸೋಣ.